ಹಳೆಯ ಎಂಜಿಬಿ ಕೊಂಡಿರಾ? ಒಳಗಿರುವ ಎಂಜಿನ್, ಕೆಳಗಿರುವ ಸೈಲೆನ್ಸರ್ ಯಾವುದು ಅಂತ ಹೀಗೆ ಗುರುತಿಸಿ

ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಕೊಂಡವರಿಗೆ ಮೊದಲ ತೊಂದರೆ ಬರುವುದು ಬಿಡಿಭಾಗ ತರಿಸುವಾಗ. "ಯಾವ ವರ್ಷದ ಗಾಡಿ?" ಅಂತ ಕೇಳುತ್ತಾರೆ. ನೀವು ಕಾಗದ ನೋಡಿ 1969 ಅನ್ನುತ್ತೀರಿ. ಅವರು 1969ರ ಗ್ಯಾಸ್ಕೆಟ್ ಸೆಟ್, 1969ರ ಸೈಲೆನ್ಸರ್ ಕಳಿಸುತ್ತಾರೆ. ಬಿಚ್ಚಿ ಹಿಡಿದು ನೋಡಿದರೆ ಅರ್ಧದಷ್ಟು ಸಾಮಾನು ಕೂರುವುದೇ ಇಲ್ಲ. ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ಗಾಡಿ 1969ರದೇ. ಆದರೆ ಅದರಲ್ಲಿರುವ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ, 1973ರದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಮತ್ತೊಂದು ಗಾಡಿಯದು, ಸೈಲೆನ್ಸರನ್ನು ಹಿಂದಿನ ಮಾಲೀಕರು ಎಲ್ಲಿಂದಲೋ ತಂದು ಬೆಸೆಸಿದ್ದು. ಎಂಜಿಬಿಗಳಲ್ಲಿ ಇದು ತೀರಾ ಸಾಮಾನ್ಯ.

ಕಾರಣ ಸರಳ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ಈ ಕಾರು 1962ರಿಂದ 1980ರವರೆಗೆ ತಯಾರಾಯಿತು. 5 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಅಷ್ಟೂ ವರ್ಷ ಎಂಜಿನ್ ಒಂದೇ ಮನೆತನದ್ದು, ಬಿಎಂಸಿ ಕಂಪನಿಯ ಬಿ-ಸೀರೀಸ್, 1798 ಸಿಸಿ. ಹೊರಗಿನ ಆಕಾರ ಹೆಚ್ಚು ಬದಲಾಗಲಿಲ್ಲ. ಒಳಗಿನದು ಮಾತ್ರ ಮತ್ತೆ ಮತ್ತೆ ಬದಲಾಯಿತು. ಹಾಗಾಗಿ ಒಂದರ ಭಾಗ ಇನ್ನೊಂದಕ್ಕೆ ಸ್ವಲ್ಪ ಒಗ್ಗಿಸಿದರೆ ಕೂತುಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ.

ಅದಕ್ಕೇ ನಾನು ಪಟ್ಟು ಹಿಡಿದು ಹೇಳುವುದು ಒಂದೇ ಮಾತು. ಒಂದೇ ಒಂದು ನಂಬರ್ ನೋಡಿ ಇದು ಇಂಥ ಎಂಜಿನ್ ಅಂತ ತೀರ್ಮಾನಿಸಬೇಡಿ. ಬ್ಲಾಕ್, ಹೆಡ್, ಕಾರ್ಬುರೇಟರ್, ಮ್ಯಾನಿಫೋಲ್ಡ್ (ಹೆಡ್ಡಿನಿಂದ ಹೊಗೆಯನ್ನು ಕೊಳವೆಗೆ ಸಾಗಿಸುವ ಭಾಗ), ಸೈಲೆನ್ಸರ್ ಎಲ್ಲವನ್ನೂ ಬೇರೆ ಬೇರೆಯಾಗಿ ಓದಿ. ಎಲ್ಲವೂ ಒಂದೇ ಕಾಲವನ್ನು ತೋರಿಸಿದರೆ ನಿಮ್ಮ ಅದೃಷ್ಟ. ತೋರಿಸದಿದ್ದರೂ ಚಿಂತೆಯಿಲ್ಲ. ಯಾವುದು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಸಾಕು, ಸರಿಯಾದ ಸಾಮಾನು ತರಿಸಬಹುದು.

ಈ ಎಂಜಿನ್ ನಮಗೆ ಪೂರ್ತಿ ಹೊಸದೇನಲ್ಲ. ಹಿಂದೂಸ್ತಾನ್ ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಬಿ-ಸೀರೀಸ್. ಎಂಜಿಬಿಗಿಂತ ಮೊದಲು ಬಂದ ಎಂಜಿಎ ಕಾರಿನಲ್ಲೂ ಶುರುವಿನಲ್ಲಿ ಇದ್ದದ್ದು ಇದೇ 1489 ಸಿಸಿ ಎಂಜಿನ್. ಹಾಗಾಗಿ ಅಂಬಾಸಡರ್ ಬಿಚ್ಚಿ ಕಟ್ಟಿ ಗೊತ್ತಿರುವ ಹಳೆಯ ಮೆಕ್ಯಾನಿಕ್ ಒಬ್ಬರು ನಿಮ್ಮ ಊರಿನಲ್ಲಿದ್ದರೆ ಅವರನ್ನು ಬಿಡಬೇಡಿ. ಎಂಜಿಬಿಯ ಬಾನೆಟ್ ಎತ್ತಿದ ತಕ್ಷಣ ಅವರಿಗೆ ಅರ್ಧ ಎಂಜಿನ್ ಅರ್ಥವಾಗುತ್ತದೆ.

ಆದರೆ ಅಲ್ಲೇ ಒಂದು ಎಚ್ಚರಿಕೆ ಬೇಕು. 1489, 1588, 1622, 1798 ಸಿಸಿ, ಈ ನಾಲ್ಕೂ ಬಿ-ಸೀರೀಸ್ ಎಂಜಿನ್‌ಗಳ ಸ್ಟ್ರೋಕ್ ಒಂದೇ, 88.9 ಮಿಲಿಮೀಟರ್. ಅಂದರೆ ಪ್ಲಗ್ ತೂತಿನಲ್ಲಿ ಕಡ್ಡಿ ಇಳಿಸಿ ಪಿಸ್ಟನ್ ಎಷ್ಟು ಮೇಲೆ ಕೆಳಗೆ ಹೋಗುತ್ತದೆ ಅಂತ ಅಳೆದರೆ ಏನೂ ತಿಳಿಯದು. ವ್ಯತ್ಯಾಸ ಇರುವುದು ಬೋರ್‌ನಲ್ಲಿ, ಅಂದರೆ ಸಿಲಿಂಡರಿನ ಒಳ ಅಗಲದಲ್ಲಿ. 1489ಕ್ಕೆ ಬೋರ್ ಸುಮಾರು 73 ಮಿಲಿಮೀಟರ್, ಎಂಜಿಬಿಯ 1798ಕ್ಕೆ 80.26. ಬೋರನ್ನು ನಿಖರವಾಗಿ ಅಳೆಯಲು ಹೆಡ್ ಬಿಚ್ಚಲೇಬೇಕು.

ಶುರು ಮಾಡುವ ಮೊದಲು ಎರಡು ಸೋದರ ಕಾರುಗಳನ್ನು ಪಕ್ಕಕ್ಕಿಡೋಣ. ಬಾನೆಟ್ ಕೆಳಗೆ ಸಾಲಾಗಿ ಆರು ಸಿಲಿಂಡರ್ ಇದ್ದರೆ, ಬಾನೆಟ್ ಮೇಲೆ ದೊಡ್ಡ ಉಬ್ಬು ಇದ್ದರೆ, ಅದು 2912 ಸಿಸಿಯ ಎಂಜಿಸಿ. 1967ರಿಂದ 1969ರವರೆಗೆ ಮಾತ್ರ ಬಂತು. ವಿ-8 ಇದ್ದರೆ ಅದು 3528 ಸಿಸಿಯ ರೋವರ್ ಎಂಜಿನ್. ಕಾರ್ಖಾನೆಯೇ ಆ ಎಂಜಿನ್ ಹಾಕಿ 1973ರಿಂದ 1976ರೊಳಗೆ 2591 ಜಿಟಿ (ಮೇಲೆ ಮುಚ್ಚಿದ) ಕಾರು ಮಾಡಿತು. ಆಮೇಲೆ ಖಾಸಗಿಯಾಗಿ ಇದೇ ಎಂಜಿನ್ ಹಾಕಿಸಿಕೊಂಡವರು ತುಂಬಾ ಜನ. ಇಲ್ಲಿ ಮುಂದೆ ಹೇಳುವುದೆಲ್ಲ ನಾಲ್ಕು ಸಿಲಿಂಡರಿನ ಕಾರಿಗೆ ಮಾತ್ರ.

ತಗಡಿನ ಮೇಲಿನ ನಂಬರ್

ಬಾನೆಟ್ ಎತ್ತಿ ಎಂಜಿನ್ನಿನ ಬಲಬದಿ ನೋಡಿ. ಬಲ ಅಂದರೆ ಚಾಲಕನ ಸೀಟಿನಲ್ಲಿ ಕೂತು ಮುಂದೆ ನೋಡಿದಾಗಿನ ಬಲ. ಪ್ಲಗ್, ಡಿಸ್ಟ್ರಿಬ್ಯೂಟರ್ ಇರುವ ಬದಿ ಅದು. ಅಲ್ಲಿ ಬ್ಲಾಕಿಗೆ ರಿವೆಟ್ ಹೊಡೆದ ಒಂದು ಚಿಕ್ಕ ತಗಡು ಇರುತ್ತದೆ. ಎಣ್ಣೆ ಮಣ್ಣು ಮೆತ್ತಿರುತ್ತದೆ, ಸೀಮೆಎಣ್ಣೆ ಹಚ್ಚಿ ಒರೆಸಿ. ತಂತಿ ಬ್ರಷ್ ಹಾಕಬೇಡಿ, ಅಕ್ಷರಗಳು ಆಳವಾಗಿರುವುದಿಲ್ಲ.

ಶುರುವಿನಲ್ಲಿ 18 ಇದ್ದರೆ ಅದು 1.8 ಲೀಟರ್. ಮುಂದಿನ ಅಕ್ಷರಗಳಲ್ಲೇ ಕಥೆ ಇರುವುದು. ಬರೀ 18ಜಿ ಇದ್ದರೆ 1962ರಿಂದ 1964ರ ಶುರುವಿನವರೆಗಿನದು. 18ಜಿಎ ಅಂದರೆ 1964ರ ಫೆಬ್ರವರಿಯಿಂದ ಬಂದದ್ದು. ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಹೊರಗೆ ಬಿಡದೆ ಮತ್ತೆ ಎಂಜಿನ್ನಿಗೇ ಎಳೆದುಕೊಳ್ಳುವ ಏರ್ಪಾಡು ಇದರಲ್ಲಿದೆ. ಈ ಎರಡರಲ್ಲೂ ಕ್ರ್ಯಾಂಕ್‌ಶಾಫ್ಟನ್ನು, ಅಂದರೆ ಪಿಸ್ಟನ್‌ಗಳ ಏರಿಳಿತವನ್ನು ಸುತ್ತಾಗಿ ಬದಲಿಸುವ ದಂಡವನ್ನು, ಹಿಡಿದಿರುವುದು ಮೂರು ಮುಖ್ಯ ಬೇರಿಂಗ್.

1964ರ ಅಕ್ಟೋಬರಿನಲ್ಲಿ ಬಂದ 18ಜಿಬಿಯಲ್ಲಿ ಐದು ಬೇರಿಂಗ್. ಎಂಜಿಬಿ ಎಂಜಿನ್ನಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ. ಕ್ರ್ಯಾಂಕ್ ಬಾಗದಂತೆ ಹಿಡಿದುಕೊಳ್ಳುವ ಜಾಗಗಳು ಹೆಚ್ಚಾದವು. ಕೆಳಭಾಗ ಗಟ್ಟಿಯಾಯಿತು, ಓಟ ಮೃದುವಾಯಿತು. ಮೂರು ಬೇರಿಂಗಿನ ಕ್ರ್ಯಾಂಕ್, ಬೇರಿಂಗ್ ಸೆಟ್, ಹಿಂದಿನ ಆಯಿಲ್ ಸೀಲಿನ ವ್ಯವಸ್ಥೆ, ಯಾವುದೂ ಐದರದ್ದಕ್ಕೆ ಆಗುವುದಿಲ್ಲ. ಇದೊಂದು ತಿಳಿಯದೆ ಎಂಜಿನ್ ಕೆಲಸಕ್ಕೆ ಕೈ ಹಾಕಬಾರದು.

ತಗಡು ಇಲ್ಲದಿದ್ದರೂ ಇದನ್ನು ಊಹಿಸಲು ಒಂದು ದಾರಿಯಿದೆ. ಮೂರು ಬೇರಿಂಗಿನ ಕಾರುಗಳಲ್ಲಿ ಆರ್‌ಪಿಎಂ ಮೀಟರಿಗೆ ಎಂಜಿನ್ನಿನಿಂದ ನೇರವಾಗಿ ಕೇಬಲ್ ಬರುತ್ತಿತ್ತು. 18ಜಿಬಿ ಬಂದಾಗ ಮೀಟರ್ ವಿದ್ಯುತ್ತಿನದಾಯಿತು, ಕೇಬಲ್ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಕೇಬಲ್ ಮೀಟರ್ ಇದ್ದು ಅದು ಸತ್ತು ಕೂತಿದ್ದರೆ, ಮೀಟರ್ ಕೆಟ್ಟಿದೆ ಅಂತ ಅವಸರಪಡಬೇಡಿ. ಯಾರೋ ಮೊದಲಿನ ಕಾರಿಗೆ ಆಮೇಲಿನ ಎಂಜಿನ್ ಹಾಕಿರಬಹುದು. ಹೀಗೆ ಆಗಿರುವ ಗಾಡಿಗಳು ಬಹಳ ಇವೆ.

1967ರ ಕೊನೆಯಲ್ಲಿ ಎಂಜಿಬಿಯ ಎರಡನೇ ಆವೃತ್ತಿ ಮಾರ್ಕ್ 2 ಬಂತು, ಜೊತೆಗೆ 18ಜಿಡಿ ಬಂತು. ನಾಲ್ಕೂ ಗೇರಿಗೆ ಸಿಂಕ್ರೊಮೆಶ್ (ಗೇರ್ ಸಲೀಸಾಗಿ ಕೂಡಿಸುವ ಏರ್ಪಾಡು) ಇರುವ ಹೊಸ ಗೇರ್‌ಬಾಕ್ಸ್, ಡೈನಮೋ ಜಾಗದಲ್ಲಿ ಆಲ್ಟರ್ನೇಟರ್, ಪಾಸಿಟಿವ್ ಬದಲು ನೆಗೆಟಿವ್ ಅರ್ಥ್. ಗೇರ್‌ಬಾಕ್ಸ್ ಬದಲಾದ್ದರಿಂದ ಎಂಜಿನ್ನಿನ ಹಿಂದಿನ ಪ್ಲೇಟ್ ಕೂಡ ಬದಲಾಯಿತು. ಹಳೆಯ ಬ್ಲಾಕನ್ನು ಹೊಸ ಗೇರ್‌ಬಾಕ್ಸಿಗೆ ಕೂಡಿಸುವಾಗ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅದೇ ಹೊತ್ತಿಗೆ ಅಮೆರಿಕಕ್ಕೆ ಹೋದ ಕಾರುಗಳಿಗೆ 18ಜಿಎಫ್, ಆಮೇಲೆ 18ಜಿಎಚ್, 18ಜಿಕೆ ಅಂತ ಬೇರೆ ಹೆಸರು. ಅಲ್ಲಿನ ಹೊಗೆ ಕಾನೂನಿಗಾಗಿ ಇವುಗಳಲ್ಲಿ ಗಾಳಿ ಪಂಪು ಇತ್ತು.

ಅಕ್ಷರಗಳ ಕೊನೆಯಲ್ಲಿ ಎಚ್ ಅಥವಾ ಎಲ್ ಇರುತ್ತದೆ. ಎಚ್ ಅಂದರೆ ಹೆಚ್ಚಿನ ಕಂಪ್ರೆಶನ್ ಅನುಪಾತ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಅನ್ನುವ ಲೆಕ್ಕ), ಎಲ್ ಅಂದರೆ ಕಡಿಮೆ. ಕಾಲಕ್ಕೆ ತಕ್ಕಂತೆ ಮೊದಲನೆಯದು ಸುಮಾರು 8.8ರಿಂದ 9, ಎರಡನೆಯದು ಸುಮಾರು 8. ನಡುವೆ ಆರ್ ಇದ್ದರೆ ಆ ಎಂಜಿನ್ ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್) ಇರುವ ಗಾಡಿಗೆ ಹೋದದ್ದು.

18ವಿ ಬಂದ ಮೇಲಿನ ಗೊಂದಲ

1971ರಿಂದ ನಂಬರ್ 18ವಿ ಅಂತ ಶುರುವಾಗುತ್ತದೆ. ಅದರ ಹಿಂದೆ ಮೂರು ಅಂಕಿ. ಎಲ್ಲರೂ ಮೋಸ ಹೋಗುವುದು ಇಲ್ಲಿ. 18ವಿ ಅಂತ ನೋಡಿ "ಆಹಾ, ಎಂಜಿಬಿ ಎಂಜಿನ್" ಅಂದುಕೊಳ್ಳುತ್ತಾರೆ. ಆದರೆ ಮೋರಿಸ್ ಮರೀನಾ 1.8 ಕಾರಿಗೂ ಇದೇ ಬ್ಲಾಕ್ ಇತ್ತು, ಅದರ ನಂಬರೂ 18ವಿ ಅಂತಲೇ ಶುರು. ಮರೀನಾ ಗುಜರಿಗೆ ಹೋದಾಗ ಅದರ ಎಂಜಿನ್ ಎಷ್ಟೋ ಎಂಜಿಬಿಗಳ ಹೊಟ್ಟೆ ಸೇರಿತು. ಅದು ಕೆಟ್ಟ ಎಂಜಿನ್ ಅಂತಲ್ಲ. ಬ್ಲಾಕ್ ಅದೇ, ಬೇರಿಂಗ್ ಅದೇ. ಮೂಲ ಎಂಜಿನ್ ಅಂತ ಹೇಳಿ ಜಾಸ್ತಿ ಹಣ ಕೇಳಿದರೆ ಮಾತ್ರ ಕೊಡಬಾರದು.

ಹಾಗಾಗಿ ಮೂರು ಅಂಕಿಯನ್ನು ತಪ್ಪದೆ ಬರೆದುಕೊಳ್ಳಿ. 581, 582 ಇದ್ದರೆ 70ರ ದಶಕದ ಶುರುವಿನ ಬ್ರಿಟನ್ ಮಾರುಕಟ್ಟೆಯ ಎಂಜಿಬಿ. 584, 672 ಇದ್ದರೆ ಅದೇ ಕಾಲದ ಅಮೆರಿಕದ್ದು. 847 ಇದ್ದರೆ ರಬ್ಬರ್ ಬಂಪರ್ ಬಂದ ಮೇಲಿನ ಬ್ರಿಟನ್ ಗಾಡಿ. 797 ಅಥವಾ 883 ಇದ್ದರೆ 1975ರ ನಂತರ ಅಮೆರಿಕಕ್ಕೆ ಹೋದ, ಒಂದೇ ಕಾರ್ಬುರೇಟರಿನ ಎಂಜಿನ್.

ಇನ್ನೊಂದು ಬಗೆಯ ತಗಡೂ ಸಿಗಬಹುದು. ನಂಬರ್ 48ಜಿ ಅಂತ ಶುರುವಾಗಿ, ಅಲ್ಲಲ್ಲಿ ಹಳೆಯ ಚಿನ್ನದ ಬಣ್ಣ ಉಳಿದಿದ್ದರೆ ಅದು ಗೋಲ್ಡ್ ಸೀಲ್. ಕಂಪನಿಯೇ ಹೊಸದಾಗಿ ಕಟ್ಟಿ, ಹಳೆಯದಕ್ಕೆ ಬದಲಾಗಿ ಕೊಡುತ್ತಿದ್ದ ಎಂಜಿನ್. ಮೂಲ ನಂಬರ್ ಹೋಯಿತಲ್ಲ ಅಂತ ಕೆಲವರು ಬೇಸರಪಡುತ್ತಾರೆ. ನನಗೆ ಅದು ಗೌರವದ ವಿಷಯವಾಗಿಯೇ ಕಾಣುತ್ತದೆ. ಗಾಡಿಯನ್ನು ಓಡಿಸಿದ್ದಾರೆ, ಎಂಜಿನ್ ಸವೆದಾಗ ಸರಿಯಾದ ಜಾಗದಿಂದಲೇ ಬೇರೆಯದು ಹಾಕಿಸಿದ್ದಾರೆ.

ಒಂದು ಮಾತು ನೆನಪಿಡಿ. ತಗಡು ನಿಂತಿರುವುದು ಬರೀ ರಿವೆಟ್ ಮೇಲೆ. ಒಂದು ಬ್ಲಾಕಿನದನ್ನು ಕಿತ್ತು ಇನ್ನೊಂದಕ್ಕೆ ಹೊಡೆಯುವುದು ಕಷ್ಟದ ಕೆಲಸವಲ್ಲ. ರಿವೆಟ್ ಹೊಸದಾಗಿ ಹೊಳೆಯುತ್ತಿದ್ದು ಸುತ್ತಲೂ ಹಳೆಯ ಬಣ್ಣ ಇದ್ದರೆ ಅನುಮಾನಪಡಿ.

ಗಾಡಿ ಹೊರಬಂದಾಗ ಯಾವ ಎಂಜಿನ್ ಇತ್ತು ಅಂತ ಖಚಿತವಾಗಿ ತಿಳಿಯಬೇಕಾದರೆ ಇಂಗ್ಲೆಂಡಿನ ಗೇಡನ್ ಊರಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಬರೆಯಬೇಕು. ಕಾರ್ಖಾನೆಯ ದಾಖಲೆಗಳು ಅಲ್ಲಿವೆ. ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ತಯಾರಾದ ದಿನ, ಬಣ್ಣ, ಮೂಲ ಎಂಜಿನ್ ನಂಬರ್ ಬರೆದ ಪ್ರಮಾಣಪತ್ರ ಕೊಡುತ್ತಾರೆ. ಚಾಸಿ ನಂಬರನ್ನು ನೀವೇ ಸ್ವಲ್ಪ ಓದಬಹುದು. ಜಿಎಚ್‌ಎನ್ ಅಂದರೆ ಮೇಲೆ ತೆರೆದ ರೋಡ್‌ಸ್ಟರ್, ಜಿಎಚ್‌ಡಿ ಅಂದರೆ ಮುಚ್ಚಿದ ಜಿಟಿ. ಅದರ ಮುಂದಿನ ಅಂಕಿ 3 ಮೊದಲ ಕಾಲದ್ದು, 4 ಮತ್ತು 5 ಆಮೇಲಿನವು. ಅದರ ನಂತರ ಯು ಇದ್ದರೆ ಗಾಡಿ ಹುಟ್ಟಿದ್ದೇ ಅಮೆರಿಕಕ್ಕಾಗಿ.

ಹೆಡ್ ಬೇರೆ, ಬ್ಲಾಕ್ ಬೇರೆ

ತಗಡು ಹೇಳುವುದು ಬ್ಲಾಕಿನ ಬಗ್ಗೆ ಮಾತ್ರ. ಹೆಡ್ಡಿಗೆ ಅದರದೇ ಗುರುತು ಇದೆ. ಮೇಲಿನ ರಾಕರ್ ಕವರಿಗೆ ಎರಡೇ ನಟ್. ಬಿಚ್ಚಿ ಎತ್ತಿದರೆ ಒಳಗೆ ಎರಕದಲ್ಲೇ ಮೂಡಿದ ನಂಬರ್ ಕಾಣುತ್ತದೆ. ಇದನ್ನು ಕಿತ್ತು ಬೇರೆ ಕಡೆ ಹೊಡೆಯಲು ಬರುವುದಿಲ್ಲ, ಹಾಗಾಗಿ ನಾನು ತಗಡಿಗಿಂತ ಇದನ್ನೇ ಹೆಚ್ಚು ನಂಬುತ್ತೇನೆ. 12ಎಚ್906 ಇದ್ದರೆ ಮೊದಲ ಕಾಲದ ಹೆಡ್. 12ಎಚ್4736 ಇದ್ದರೆ 70ರ ಶುರುವಿನದು. ಅದರ ಇನ್‌ಲೆಟ್ ವಾಲ್ವ್ ಸ್ವಲ್ಪ ದೊಡ್ಡದು, 1.625 ಇಂಚು. ಉಳಿದವುಗಳಲ್ಲಿ ಸುಮಾರು 1.56. ವೇಗ ಬಯಸುವವರು ಹುಡುಕುವುದು ಈ ಹೆಡ್ಡನ್ನೇ. ಸಿಎಎಂ1106 ಇದ್ದರೆ ಕೊನೆಯ ವರ್ಷಗಳದು.

ಹೆಡ್ಡಿನ ಬದಿಯಲ್ಲಿ ನಾಲ್ಕು ಚಿಕ್ಕ ತೂತುಗಳಿಗೆ ಬೋಲ್ಟ್ ಹಾಕಿ ಮುಚ್ಚಿದ್ದಾರಾ ನೋಡಿ. ಇದ್ದರೆ ಆ ಹೆಡ್ ಅಮೆರಿಕದ ಗಾಡಿಯದು. ಗಾಳಿ ಪಂಪಿನ ಕೊಳವೆಗಳು ಅಲ್ಲಿಗೆ ಬರುತ್ತಿದ್ದವು. ಪಂಪನ್ನು ಕಿತ್ತು ಎಸೆದರೂ ತೂತು ಉಳಿಯುತ್ತದೆ.

ಕಾರ್ಬುರೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಸುಲಭವಾಗಿ ಬದಲಾಗುತ್ತವೆ, ಹಾಗಾಗಿ ಸಾಕ್ಷಿಯಾಗಿ ದುರ್ಬಲ. ಎಸ್‌ಯು ಕಂಪನಿಯ ಎರಡು ಎಚ್‌ಎಸ್4 ಮೊದಲಿನವು, ಎರಡು ಎಚ್‌ಐಎಫ್4 ಆಮೇಲಿನವು, ಒಂದೇ ಜೆನಿತ್-ಸ್ಟ್ರಾಂಬರ್ಗ್ ಇದ್ದರೆ ಅಮೆರಿಕದ ಕೊನೆಯ ವರ್ಷಗಳದು.

ಕಂಪ್ರೆಶನ್ ಪರೀಕ್ಷೆ ತಪ್ಪದೆ ಮಾಡಿ. ಎಂಜಿನ್ ಬಿಸಿಯಾಗಿರಲಿ, ನಾಲ್ಕೂ ಪ್ಲಗ್ ಹೊರಗಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ನಾಲ್ಕೂ ಸಿಲಿಂಡರಿನ ಒತ್ತಡದ ಅಂಕಿ ಒಂದಕ್ಕೊಂದು ಹತ್ತಿರ ಇರುವುದು ಮುಖ್ಯ. ಪ್ಲಗ್ ತೂತಿನಿಂದ ಚಿಕ್ಕ ಕ್ಯಾಮೆರಾ ಇಳಿಸಿದರೆ ಇನ್ನೂ ಒಳ್ಳೆಯದು. ಹಿಂದೆ ಬೋರ್ ಮಾಡಿಸಿದ್ದರೆ ಪಿಸ್ಟನ್ ತಲೆಯ ಮೇಲೆ 020, 030, 040 ಅಂತ ಪಂಚ್ ಇರುತ್ತದೆ, ಮಸಿ ಕಡಿಮೆ ಇದ್ದರೆ ಕಾಣುತ್ತದೆ. ಅದು ಇಂಚಿನ ಸಾವಿರದ ಲೆಕ್ಕದಲ್ಲಿ ಓವರ್‌ಸೈಜ್.

ನಮ್ಮ ದೇಶದಲ್ಲಿ ಗಾಡಿ ಇದ್ದರೆ ಕಾಗದದ ಕೆಲಸವೂ ಇದರಲ್ಲೇ ಸೇರಿದೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ. ಬ್ಲಾಕಿನ ಮೇಲಿನದು ಅದಕ್ಕೆ ಹೊಂದದಿದ್ದರೆ ಹೆಸರು ವರ್ಗಾವಣೆಯ ಹೊತ್ತಿಗೆ ಆರ್‌ಟಿಒದಲ್ಲಿ ನಿಲ್ಲಿಸುತ್ತಾರೆ. ಎಂಜಿನ್ ಬದಲಿಸಲು ಅನುಮತಿ ಪಡೆಯಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. 2021ರ ವಿಂಟೇಜ್ ವಾಹನ ನಿಯಮದಡಿ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರಗಳಿರುವ ನಂಬರ್ ಪಡೆಯಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು ಅನ್ನುವ ಷರತ್ತಿದೆ. ಹಾಗಾಗಿ ಹಣ ಕೊಡುವ ಮೊದಲೇ ತಗಡಿನ ಫೋಟೋ ತೆಗೆದು ಆರ್‌ಸಿ ಜೊತೆ ಹೋಲಿಸಿ.

ಈಗ ಗಾಡಿಯ ಕೆಳಗೆ

ಹೊಗೆಯ ದಾರಿ ಗುರುತಿಸುವ ಮೊದಲು ಈ ಹೆಡ್ಡಿನ ಒಂದು ವಿಶೇಷ ತಿಳಿಯಬೇಕು. ನಾಲ್ಕು ಸಿಲಿಂಡರ್ ಇದ್ದರೂ ಹೊಗೆ ಹೊರಬರುವ ಬಾಯಿ ಮೂರೇ. ಒಂದನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಒಂದು, ನಡುವಿನ ಎರಡು ಮತ್ತು ಮೂರಕ್ಕೆ ಸೇರಿ ಒಂದು. ಪೆಟ್ರೋಲ್ ಒಳಹೋಗುವ ಬಾಯಿ ಎರಡೇ. ಒಳಹೋಗುವುದೂ ಹೊರಬರುವುದೂ ಎಡಬದಿಯಲ್ಲೇ.

ಎರಡು ಸಿಲಿಂಡರ್ ಒಂದೇ ಬಾಯಿ ಹಂಚಿಕೊಂಡರೆ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲವೇ? ಬರುವುದಿಲ್ಲ. ಈ ಎಂಜಿನ್ ಉರಿಯುವ ಕ್ರಮ 1-3-4-2. ನಾಲ್ಕು ಹೊಡೆತಕ್ಕೆ ಕ್ರ್ಯಾಂಕ್ ಎರಡು ಸುತ್ತು ಸುತ್ತುತ್ತದೆ. ಮೂರನೆಯದು ಉರಿದು ಸರಿಯಾಗಿ ಒಂದು ಪೂರ್ತಿ ಸುತ್ತಾದ ಮೇಲೆ ಎರಡನೆಯದು ಉರಿಯುತ್ತದೆ. ಹಾಗಾಗಿ ಒಂದೇ ಬಾಯಿಯಿಂದ ಬಂದರೂ ಹೊಗೆ ಸಮ ಅಂತರದಲ್ಲಿ ಬರುತ್ತದೆ. ಒಂದು ಮತ್ತು ನಾಲ್ಕರ ನಡುವೆಯೂ ಇದೇ ಅಂತರ. ಆದರೆ ನಡುವಿನ ಬಾಯಿಗೆ ಎರಡು ಸಿಲಿಂಡರಿನ ಬಿಸಿ ಬೀಳುತ್ತದೆ. ಹೆಡ್ ಬಿರುಕು ಬಿಡುವುದಿದ್ದರೆ ಮೊದಲು ಆ ಸುತ್ತಲೇ ನೋಡಬೇಕು.

ಈಗ ಮ್ಯಾನಿಫೋಲ್ಡ್ ನೋಡಿ. ಒರಟಾದ ಎರಕದ ಕಬ್ಬಿಣದ್ದು, ಕೆಳಗೆ ಎರಡು ಬಾಯಿ, ಪ್ರತಿ ಬಾಯಿಗೆ ಮೂರು ಸ್ಟಡ್, ಹಿತ್ತಾಳೆಯ ನಟ್. ಇದು ಎರಡು ಎಸ್‌ಯು ಇರುವ ಗಾಡಿಯ ಮೂಲ ಮ್ಯಾನಿಫೋಲ್ಡ್. ಅದರಿಂದ ಇಳಿಯುವ ಎರಡು ಕೊಳವೆ ಕೆಳಗೆ ಕೂಡಿ ಒಂದಾಗುತ್ತವೆ. ಅದು ಸೈಲೆನ್ಸರುಗಳನ್ನು ಹಾದು ಎಡಗಡೆಯಿಂದ ಹಿಂದಕ್ಕೆ ಹೊರಬರುತ್ತದೆ.

ಮ್ಯಾನಿಫೋಲ್ಡಿಗೆ ಕೆಳಗೆ ಒಂದೇ ಬಾಯಿ ಇದ್ದರೆ ಅದು ಅಮೆರಿಕದ ಕೊನೆಯ ವರ್ಷಗಳ, ಸ್ಟ್ರಾಂಬರ್ಗ್ ಕಾಲದ ಏರ್ಪಾಡು. ಅದಕ್ಕೆ ಎರಡು ಕೊಳವೆಯ ಡೌನ್‌ಪೈಪ್ ತರಿಸಿದರೆ ಸುಮ್ನೆ ಹಣ ಹಾಳು.

ಎರಕದ ಬದಲು ಬಾಗಿದ ಉಕ್ಕಿನ ಕೊಳವೆಗಳಿದ್ದರೆ ಅದು ಆಮೇಲೆ ಹಾಕಿದ್ದು. ಮೂರು ಕೊಳವೆ ಇಳಿಯುತ್ತವೆ. ಹೊರಗಿನ ಎರಡು ಮೊದಲು ಕೂಡಿ, ನಡುವಿನದು ಉದ್ದವಾಗಿ ಬಂದು ಕೆಳಗೆ ಸೇರಿದ್ದರೆ ಅದನ್ನು ಎಲ್‌ಸಿಬಿ ಅನ್ನುತ್ತಾರೆ. ಈಗಷ್ಟೇ ಹೇಳಿದ ಉರಿಯುವ ಕ್ರಮಕ್ಕೆ ಅದು ಸರಿಯಾಗಿ ಹೊಂದುತ್ತದೆ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ರಸ್ತೆಯಲ್ಲಿ ಓಡಿಸುವ ಗಾಡಿಗೆ ಮೂಲದ ಎರಕದ ಮ್ಯಾನಿಫೋಲ್ಡೇ ಸಾಕು. ಅದು ಬಾಗುವುದಿಲ್ಲ, ಬೇಗ ತುಕ್ಕು ತಿನ್ನುವುದಿಲ್ಲ, ಬಾನೆಟ್ ಕೆಳಗೆ ಸದ್ದು ಕಡಿಮೆ.

ಕೊಳವೆ ಯಾವ ಲೋಹದ್ದು ಅಂತ ಅಯಸ್ಕಾಂತ ಹಿಡಿದು ನೋಡಬಹುದು. ಅಂಟದಿದ್ದರೆ 304 ದರ್ಜೆಯ ಸ್ಟೇನ್‌ಲೆಸ್ ಇರಬಹುದು. ಅಂಟಿದ ಮಾತ್ರಕ್ಕೆ ಸಾದಾ ಕಬ್ಬಿಣ ಅಂತ ಹೇಳಲಾಗದು, 409 ದರ್ಜೆಯ ಸ್ಟೇನ್‌ಲೆಸ್ಸಿಗೂ ಅಯಸ್ಕಾಂತ ಅಂಟುತ್ತದೆ. ಹೊಸ ಭಾಗ ತರಿಸುವ ಮೊದಲು ಕ್ಯಾಲಿಪರ್ ಹಿಡಿದು ಪ್ರತಿ ಜೋಡಣೆಯಲ್ಲೂ ಕೊಳವೆಯ ಹೊರ ಅಳತೆ ಬರೆದುಕೊಳ್ಳಿ. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು, ನಡುವೆ ಕತ್ತರಿಸಿ ಬೆಸೆದ ತುಂಡು ಇರುವ ಗಾಡಿಗಳೇ ಜಾಸ್ತಿ. ಅಂಥದ್ದರಲ್ಲಿ ಒಂದೊಂದೇ ತುಂಡು ಬದಲಿಸುವುದಕ್ಕಿಂತ ಮ್ಯಾನಿಫೋಲ್ಡಿನ ಬಾಯಿಯಿಂದ ಬಾಲದವರೆಗೆ ಪೂರ್ತಿ ಸೆಟ್ ತರಿಸುವುದೇ ಒಳ್ಳೆಯದು.

ಸೋರಿಕೆ ಹುಡುಕಲು ಸರಿಯಾದ ಹೊತ್ತು ಎಂಜಿನ್ ತಣ್ಣಗಿರುವಾಗ. ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಮ್ಯಾನಿಫೋಲ್ಡ್ ಬಳಿ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ, ಗ್ಯಾಸ್ಕೆಟ್ ಸೋರುತ್ತಿದೆ. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಸೋರುವ ಜಾಗದ ಸುತ್ತ ಕಪ್ಪು ಅಥವಾ ಬೂದು ಮಸಿಯ ಗೆರೆ ಇರುತ್ತದೆ. ಸದ್ದು ರಾಕರ್ ಕವರ್ ಕಡೆಯಿಂದ ಬಂದರೆ ಅದು ವಾಲ್ವ್ ಸಂದಿನ ವಿಷಯ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಕೆಳಗಿನ ಆರು ನಟ್‌ಗಳನ್ನು ಬಿಚ್ಚುವಾಗ ಅವಸರ ಬೇಡ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹಿತ್ತಾಳೆಯ ನಟ್ ಇದ್ದರೆ ಸಾಮಾನ್ಯವಾಗಿ ಸಲೀಸಾಗಿ ಬರುತ್ತವೆ, ಕಂಪನಿ ಹಿತ್ತಾಳೆ ಹಾಕಿದ್ದೇ ಅದಕ್ಕೆ. ಯಾರಾದರೂ ಉಕ್ಕಿನ ನಟ್ ಹಾಕಿದ್ದರೆ ತುಕ್ಕು ಹಿಡಿದು ಸ್ಟಡ್ಡೇ ಮುರಿಯಬಹುದು. ಹೊಸ ಸೈಲೆನ್ಸರ್ ತರಿಸುವಾಗ ಆರು ಹಿತ್ತಾಳೆ ನಟ್, ಆರು ಸ್ಟಡ್, ಎರಡು ಗ್ಯಾಸ್ಕೆಟ್ ಕೂಡ ಅದೇ ಪಟ್ಟಿಯಲ್ಲಿ ಸೇರಿಸಿಬಿಡಿ.